ಘಟಕ ನಾಲ್ಕು: ನಂತರ

ಗುರುವಾರ ಮಧ್ಯಾಹ್ನ ಎರಡೂವರೆಗೆ ನನ್ನ ತಾಸು.
ಐಚ್ಛಿಕ ಪತ್ರಿಕೆ, ಹದಿಮೂರು ಮಂದಿ, ಹನ್ನೊಂದು ಕುರ್ಚಿ.
ಮೊದಲ ತಿಂಗಳೆಲ್ಲ ವ್ಯಾಖ್ಯೆಗಳಲ್ಲೇ ಹೋಯಿತು:
ಭಯ ಎಲ್ಲಿ ಮುಗಿದು ಭಯೋತ್ಪಾದನೆ ಎಲ್ಲಿ ಶುರು,
ಹಲಗೆಯ ಮೇಲೆ ಗೆರೆ ಎಳೆದೆ, ಅಳಿಸಿದೆ, ಮತ್ತೆ ಎಳೆದೆ.
ಧಾರವಾಡದ ಧೂಳಿಗೆ ಸೀಮೆಸುಣ್ಣದ ಧೂಳೂ ಸೇರಿತು.

ಪಠ್ಯಕ್ರಮದ ನಾಲ್ಕನೇ ಘಟಕಕ್ಕೆ ಒಂದೇ ಪದ: ನಂತರ.
ಆಕರ ಗ್ರಂಥಗಳ ಪಟ್ಟಿಯಲ್ಲಿ ಅದರ ಎದುರು ಖಾಲಿ.
ಹಾಗಾಗಿ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ
ಒಬ್ಬ ಮನುಷ್ಯನನ್ನು ಕರೆಸಿದೆ.

ವಿಠ್ಠಲಸಾ ಹಬೀಬ, ಕಮರಿಪೇಟೆ, ವಯಸ್ಸು ಅರವತ್ತೊಂದು.
ದುರ್ಗದಬೈಲಿನ ಒಂದು ಮೆಟ್ಟಿಲ ಕೆಳಗೆ
ಮೂವತ್ತು ವರ್ಷ ಚೀಲ ಹೊಲಿದವರು.
ಗೌರವಧನದ ರಸೀದಿಯನ್ನು ಸಹಿಗೆ ಮುಂಚೆ ಎರಡು ಸಲ ಓದಿದರು.
"ಮ್ಯಾಲೆ ಏನರೆ ಬರದಿರತಾರ್ರಿ" ಅಂದರು.

"ನಂದ ಚೀಲರೀ ಅದು. ಸುಳ್ಳ್ಯಾಕ ಹೇಳ್ಲಿ.
ಎಲ್ಲೋ ದೂರದ ಊರು, ಸೈಕಲ್ ಸ್ಟ್ಯಾಂಡ್.
ಸುಟ್ಟು ಉಳದ ಹಿಡಿಕಿ ತಂದು ನನ್ನ ಮುಂದಿಟ್ರು.
ಹಿಡಿಕಿಗೆ ನಾ ಅಡ್ಡ ಹೊಲಿಗಿ ಹಾಕಿ, ಅದರ ಮ್ಯಾಲೆ ಮತ್ತ ಅಡ್ಡ ಹಾಕತೀನಿ.
ಇಪ್ಪತ್ತ ಕಿಲೋ ಅಕ್ಕಿ ಹಾಕ್ರಿ, ಹರಿಯೂದಿಲ್ಲ.
ಅರಬಿ ಎಲ್ಲಾ ಸುಟ್ಟಿತ್ತು, ಹೊಲಿಗಿ ಬಿಚ್ಚಿದ್ದಿಲ್ಲ.
ಒಂದ ಗಳಿಗಿ ಖುಷಿ ಆತ್ರಿ ನನಗ.
ಆಮ್ಯಾಲೆ ತಿಳೀತು ಏನ್ ನೋಡಾಕತ್ತೀನಿ ಅಂತ."

ಹಿಂದಿನ ಸಾಲಿನಲ್ಲಿ ಯಾರೋ ಪೆನ್ನು ಕೆಳಗಿಟ್ಟರು.

"ಅವರು ಹೊರಗಿನವರು. ಹಬೀಬ ಅಂದಕೂಡ್ಲೆ
ಕುರ್ಚಿ ಸರಿಸಿ ಕೂತರು. ಮೂರು ದಿನ, ಮೂರು ರಾತ್ರಿ.
ನಾಕನೇ ದಿನ ನಮ್ಮೂರ ಹವಾಲ್ದಾರ ಬಂದ:
ಇವರು ಎಸ್ಸೆಸ್ಕೆ ಮಂದಿರೀ ಸಾಹೇಬ್ರ, ಮನ್ಯಾಗ ಭವಾನಿ ಅದಾಳ,
ಹಬೀಬ ಅನ್ನೂದು ಬರೇ ಅಡ್ಡಹೆಸರು.
ಚಾ ತರಸಿದರು. ಬಿಸ್ಕೀಟೂ.

ನನ್ನ ಬಾಜೂಕ ರಾಜೇಸಾಬ ಕೂಡತಿದ್ದ, ಜಿಪ್ ಹಚ್ಚಾಂವ.
ಇಪ್ಪತ್ತೆರಡರ ಹುಡುಗ. ಆ ಚೀಲಕ್ಕ ಜಿಪ್ಪೇ ಇದ್ದಿಲ್ರಿ.
ಹೇಳಿದೆ. ಒಂದ್ ಸಲ ಹೇಳಿದೆ.
ಎರಡನೇ ಸಲ ಹೇಳೂದ್ರಾಗ ನನ್ನ ಮನೀಗೆ ಬಿಡೂ ಜೀಪು ಬಂತು.
ಹತ್ತಿದೆ.
ನನ್ನ ಹೆಸರಿನ ತುದೀಗೆ 'ಸಾ', ಅವನ ಹೆಸರಿನ ತುದೀಗೆ 'ಸಾಬ'.
ಒಂದ ಅಕ್ಷರ ಹೆಚ್ಚಿಗಿ. ಏಳು ವರ್ಷ."

ಫ್ಯಾನು ತಿರುಗುತ್ತಿತ್ತು. ಯಾರದೋ ಹಾಳೆ ಹಾರಿ ಬಿತ್ತು,
ಯಾರೂ ಎತ್ತಿಕೊಳ್ಳಲಿಲ್ಲ.

ಅಣ್ಣಿಗೇರಿಯ ದಾಕ್ಷಾಯಣಿ ಎದ್ದು ನಿಂತಳು:
"ಸರ್, ನಿಮ್ಮನ್ನ ಸಂತ್ರಸ್ತ ಅಂತ ಬರೀಬೇಕಾ, ಸಾಕ್ಷಿ ಅಂತಾನಾ?"
"ಟೇಲರ್ ಅಂತ ಬರೀವಾ."
ಆಮೇಲೆ, ತಾವೇ, ಕೇಳದೆಯೇ:
"ಅಲ್ಲಿ ಹೋದವರು ನಾಕು ಮಂದಿ.
ಒಬ್ಬಾಕಿ ಕೈಯಾಗ ಸೌತಿಕಾಯಿ ಚೀಲ ಇತ್ತಂತ.
ಆಕೀ ಚೀಲ ಯಾರು ಹೊಲದಿದ್ದರೋ.
ಅದನ್ನ ಯಾರೂ ಕೇಳಲಿಲ್ಲ."

ರಾಜೇಸಾಬ ಈಗ ಹೊರಗಿದ್ದಾನೆ, ನಿರ್ದೋಷಿ ಎಂಬ ಕಾಗದದೊಂದಿಗೆ.
ಮೆಟ್ಟಿಲ ಮುಂದೆ ಹಾಯುವಾಗ "ಕಾಕಾ, ಆರಾಮ?" ಅನ್ನುತ್ತಾನಂತೆ.
"ಅದನ್ನ ತಡಕೊಳ್ಳಾಕ ಆಗೂದಿಲ್ರಿ" ಅಂದರು.
ಚೀಲ ಬಿಟ್ಟಿದ್ದಾರೆ. ದಿಂಬಿನ ಗಲೀಪು ಹೊಲಿಯುತ್ತಾರೆ,
ಅದರಲ್ಲಿ ಹತ್ತಿ ಬಿಟ್ಟು ಏನೂ ಹಿಡಿಸುವುದಿಲ್ಲ ಅಂತ.

ಗಂಟೆ ಬಾರಿಸಿತು. ಹದಿಮೂರೂ ಮಂದಿ ಕೂತೇ ಇದ್ದರು.

ಪ್ರಶ್ನೆಪತ್ರಿಕೆಗೆ ಘಟಕ ನಾಲ್ಕರಿಂದ ಹತ್ತು ಅಂಕದ್ದೊಂದು ಬೇಕು,
ಜೊತೆಗೆ ಮಾದರಿ ಉತ್ತರ, ಮೊಹರು ಮಾಡಿದ ಲಕೋಟೆಯಲ್ಲಿ.
ಎರಡು ಸಲ ಬರೆದು ಹರಿದೆ.

ಸಂಜೆ ಸಂತೆಯಲ್ಲಿ ತಕ್ಕಡಿ ಎತ್ತಿ ಹಿಡಿದು
ಕಾಯಿಪಲ್ಯೆದವಳು "ಚೀಲಾ ಹಿಡೀರಿ ಬಾಯೇರ" ಅಂದಳು.
ನಾನು ಹಿಡಿಕೆಯ ಒಳಮಗ್ಗಲು ತಿರುವಿ ನೋಡುತ್ತಿದ್ದೆ:
ಅಡ್ಡ ಒಂದು ಸಾಲು. ಅದರ ಮೇಲೆ ಮತ್ತೊಂದು.
ಹಿಂದೆ ನಿಂತವರು ಸರಿಯಿರಿ ಅಂದರು.