ತೊಟ್ಟಿಯ ಮೂರನೇ ಉಂಗುರ

ಬೆಳಿಗ್ಗೆ ಎದ್ದವಳೇ ಮೊದಲು ತೊಟ್ಟಿ ತಟ್ಟುತ್ತೇನೆ,
ಬೆರಳಗೆಣ್ಣಿನಿಂದ, ಮೇಲಿನಿಂದ ಕೆಳಕ್ಕೆ,
ಸಂತೆಯಲ್ಲಿ ಗಡಿಗೆ ಕೊಳ್ಳುವವಳ ಹಾಗೆ.
ಟಣ್, ಟಣ್. ಬರಿಯ ತಗಡು.
ಮೂರನೇ ಉಂಗುರಕ್ಕೆ ದನಿ ದಪ್ಪಗಾಗುತ್ತದೆ:
ಅಲ್ಲಿದೆ ನೀರು.
ಇವತ್ತು ತಲೆಸ್ನಾನ ಇಲ್ಲ.

ಮೀಟರ್ ಓದುವವನ ಮಗಳು ನಾನು.
ಗದಗಿನ ಓಣಿ ಓಣಿ ಸೈಕಲ್ ತುಳಿದು
ಗಾಜಿನೊಳಗೆ ತಿರುಗುವ ಚಕ್ರಕ್ಕೆ ಬಗ್ಗಿ
ಊರ ಬೆಳಕನ್ನೆಲ್ಲ ಅಂಕಿ ಮಾಡಿ ಬರೆದ, ಅಪ್ಪ.
ಸಿಗ್ನೆಟ್ಟಿನ ಈ ಗುಡ್ಡಕ್ಕೆ ಕಂಬವೇ ಬಂದಿಲ್ಲ.
ಕೊನೆಯದು ಕ್ಲೈವ್ ಟ್ರಿಫಿಟ್ಟನ ಬೇಲಿಗೆ ನಿಂತು
ಇತ್ತ ನೋಡುತ್ತದೆ,
ಸಾಲ ಕೇಳಲು ಬಂದು ನಾಚಿದವನಂತೆ.

ಬಂದ ವರ್ಷ ಸೌರಫಲಕಗಳನ್ನು
ರೂಢಿಯಂತೆ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ್ದೆ.
ಕ್ಲೈವ್ ಬಂದ. ಏಣಿಗೆ ಒರಗಿ ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಟೋಪಿ ತೆಗೆದು ಉತ್ತರಕ್ಕೆ ಬೀಸಿದ:
"ಇಲ್ಲಿ ಸೂರ್ಯ ಆ ಬದಿಯಿಂದ ಹೋಗ್ತಾನೆ."
ಅಂದಿನಿಂದ ನನ್ನ ಪಂಚಾಂಗ ಅಂಗಾತ ಮಲಗಿದೆ.
ಸಂಕ್ರಾಂತಿಯ ಬೆಲ್ಲ ಸೆಖೆಗೆ ಅಂಗೈಯಲ್ಲೇ ಕರಗುತ್ತದೆ.
ಯುಗಾದಿಗೆ ಸೇಬಿನ ಎಲೆ ಉದುರುತ್ತದೆ.
ದೀಪಾವಳಿಗೆ ಏಳೂವರೆಯಾದರೂ ಹೊತ್ತು ಮುಳುಗದೆ
ಹಣತೆಗಳು ಎಣ್ಣೆ ಕುಡಿದು ಕಾಯುತ್ತವೆ.

ಮಾತು ತಪ್ಪದ್ದು ಆರಿದ್ರಾ ಒಂದೇ.
ಜೂನ್ ಕೊನೆಗೆ ನೈಋತ್ಯದಿಂದ
ಮಂಜುಗಡ್ಡೆಯ ವಾಸನೆ ಹೊತ್ತು ಬಂದು
ಆರದೆ ಹೊಯ್ಯಿತು.
ತೊಟ್ಟಿ ತುಂಬಿ ಹೊರಗೆ ಹರಿಯಿತು,
ಒಳಗೆ ಬ್ಯಾಟರಿ ಬತ್ತುತ್ತ ಬಂತು.
ಮೊದಲು ರೇಡಿಯೊ ಆರಿಸಿದೆ.
ಆಮೇಲೆ ಫ್ರಿಜ್ಜು; ಹಾಲು ಬೆಣ್ಣೆ ಕಿಟಕಿಯಾಚೆ ಇಟ್ಟರೆ
ಚಳಿಯೇ ನೋಡಿಕೊಂಡಿತು.
ಕೊನೆಗೆ ಬಲ್ಬು.

ಒಂಬತ್ತನೆಯ ರಾತ್ರಿ ಬಾಗಿಲು ಬಡಿದವನು ಕ್ಲೈವ್.
ಅವನ ಕಂಬದ ಮೇಲೆ ಮರ ಬಿದ್ದಿತ್ತು.
ಹೀಟರು ಸತ್ತಿದೆ, ಅಂದ,
ನನ್ನ ಕಟ್ಟಿಗೆ ಒಲೆಯ ಕಡೆ ನೋಡದೆ.
ಕೂರಿಸಿದೆ. ರೊಟ್ಟಿ ತಟ್ಟಿದೆ.
ಇದರಲ್ಲೂ ನೀರೆಷ್ಟಿದೆ ಅಂತ ಕೇಳಿಸುತ್ತಾ, ಅಂದ.
ಬೆಂಕಿಗೆ ಬೂಟು ಚಾಚಿ ತಾಯಿಯ ಲೆಕ್ಕ ಹೇಳಿದ:
ಕರಿ ಕಾಕಟೂಗಳು ಎಷ್ಟು ಗುಡ್ಡ ಇಳಿಯುತ್ತವೋ
ಅಷ್ಟು ದಿನ ಮಳೆ.
ಈ ಸಲ ಎಷ್ಟು ಇಳಿದವು?
"ಹನ್ನೊಂದು."
ಮೊದಲೇ ಹೇಳಬಾರದಿತ್ತೇನಯ್ಯಾ!
"ಕೊನೆಯದು ಮರಿ. ಅದನ್ನು ಹಿಡಿಯಬೇಕೋ ಬೇಡವೋ
ಅಮ್ಮ ಹೇಳಿರಲಿಲ್ಲ."

ಇಬ್ಬರೂ ನಕ್ಕೆವು. ಮಳೆ ನಗಲಿಲ್ಲ.
ಮೂರನೇ ರೊಟ್ಟಿಗೆ ಅವನು ಬೆಣ್ಣೆಯೊಟ್ಟಿಗೆ
ಸೇಬಿನ ಜಾಮ್ ಸವರಿದ. ನಾನು ಏನೂ ಅನ್ನಲಿಲ್ಲ.

ಹತ್ತನೆಯ ದಿನವೂ ಸುರಿಯಿತು.
ಹನ್ನೊಂದಕ್ಕೆ, ಮಧ್ಯಾಹ್ನ,
ಹಂಚಿನ ಸದ್ದು ಇದ್ದಕ್ಕಿದ್ದಂತೆ ಇಲ್ಲ.
ಮರಿಯ ದಿನ, ಅರ್ಧಕ್ಕೇ ಮುಗಿದಿತ್ತು.
ಉತ್ತರದಲ್ಲಿ ಕಪ್ಪು ಮೋಡದಡಿ
ಬಾಲದ ಹಳದಿ ಪಟ್ಟೆಯಷ್ಟು ಬಿಸಿಲು.

ಕನ್ನಡಕ ಹುಡುಕಿ, ಅಪ್ಪನಂತೆ ಬಗ್ಗಿ,
ಬ್ಯಾಟರಿಯ ಅಂಕಿ ಓದಿದೆ,
ಇನ್ನೊಮ್ಮೆ ಓದಿದೆ,
ಯಾರಿಗೂ ಬಿಲ್ಲು ಬರೆಯದೆ
ನೆನೆದ ಸೀರೆಗಳನ್ನು ಹೊರಗೆ ತಂದೆ.