ಎಡಗೈಗೆ ಮಾತ್ರ

ಕಾರ್ಯಕ್ರಮದ ಹಾಳೆಯಲ್ಲಿ ಇಂಗರ್ ಸ್ಕೋವ್‌ಗೆ ಎಂಟು ಸಾಲು:
ಡೆನ್ಮಾರ್ಕಿನ ಯಾವುದೋ ಮೀನುಬಂದರು, ಏಳಕ್ಕೆ ಮೊದಲ ಕಛೇರಿ,
ವಿಯೆನ್ನಾ, ಪದಕ, ಹದಿನೆಂಟು ದೇಶ.
ನಲವತ್ತೊಂದಕ್ಕೆ ಬಲಗೈಯ ಎರಡು ಬೆರಳು
ಹೇಳಿದ ಮಾತು ಕೇಳದೆ ಹೋದದ್ದು ಅದರಲ್ಲಿಲ್ಲ.

ಫಳ್ನೀರಿನ ಹಾಲಿನಲ್ಲಿ ಪಿಯಾನೊದ ಹೊಟ್ಟೆಗೆ
ತಲೆ ತೂರಿಸಿ ನಾನು ಶ್ರುತಿ ಬಿಗಿಯುತ್ತಿದ್ದೆ.
ಉಪ್ಪುಗಾಳಿ ತಿಂದ ತಂತಿ. ಒಂದು ಟಪ್ಪೆಂದು ಹೋಯಿತು.
"ಮೇಲಿನದೆಲ್ಲ ಬಿಡಿ ಸಿಪ್ರಿಯನ್," ಅಂದರು,
"ಅತ್ತ ನಾನೀಗ ಹೋಗುವುದಿಲ್ಲ."
ಬಿಡಲಿಲ್ಲ. ಆ ತುದಿಯ ತಂತಿಗಳಿಗೆ ತಡೆಯಿಲ್ಲ;
ಕೆಳಗೆ ಯಾರು ನುಡಿದರೂ ತಮ್ಮಷ್ಟಕ್ಕೆ ನಡುಗುತ್ತವೆ.

ರಾತ್ರಿ ಎಡಗೈ ಒಂದೇ ನುಡಿಸಿತು.
ಬಲಗೈ ಮಡಿಲಲ್ಲಿ,
ಇಗರ್ಜಿಯಲ್ಲಿ ನಿದ್ದೆಹೋದ ಮಗುವಿನ ಹಾಗೆ.
ನಡುವೆ ಕರೆಂಟು ಹೋಯಿತು; ಅವರು ನಿಲ್ಲಿಸಲಿಲ್ಲ.

ಆಮೇಲೆ ಜೆಪ್ಪುವಿನ ನಮ್ಮ ಮನೆ. ಚಮಚ ಹುಡುಕುತ್ತಿದ್ದ ನನ್ನನ್ನು
ಸೆವೆರಿನ್ ಗದರಿದಳು: ಬಂಗುಡೆಯನ್ನು ಚಮಚದಲ್ಲಿ ತಿನ್ನುತ್ತಾರಾ?
ಬಲಗೈ ಇಳಿಯಿತು ತಟ್ಟೆಗೆ.
ಅವೇ ಎರಡು ಬೆರಳು
ಒಂದೊಂದೇ ಮುಳ್ಳು ಬಿಡಿಸಿ ಅಂಚಿಗೆ ಸಾಲಿಟ್ಟವು.
ಅವರು ನೋಡುತ್ತಲೇ ಇದ್ದರು.
ಇನ್ನೊಂದು ತುಂಡು ಬಡಿಸಿದಳು ಇವಳು, ಕೇಳದೆ.