ವಿಷಯ ಸಂಖ್ಯೆ ಒಂಬತ್ತು

ವಿಷಯ ಒಂದು: ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು.
ಯಾರೂ ಓದುವುದಿಲ್ಲ. ದೃಢೀಕರಿಸುತ್ತಾರೆ.
ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಮೇಯರ್ ಕುರ್ಚಿಯ ಎಡಕ್ಕೆ, ಒಂದು ಮೆಟ್ಟಿಲು ಕೆಳಗೆ.
ಬೈದಾಡಿಕೊಂಡರೆ: ಚರ್ಚಿಸಲಾಯಿತು.
ಮೈಕು ಕಿತ್ತೆಸೆದರೆ: ಸುದೀರ್ಘವಾಗಿ ಚರ್ಚಿಸಲಾಯಿತು.

ಒಂಬತ್ತಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ ಮೂರೂವರೆ.
ಭಟ್ಟಿ ಉಪವಿಧಿ ರದ್ದುಪಡಿಸುವ ಬಗ್ಗೆ.
ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ
ಮಂಡಕ್ಕಿ ಭಟ್ಟಿಗೆ ಬೆಂಕಿ ಹಾಕತಕ್ಕದ್ದಲ್ಲ.
ಮೂರು ವರ್ಷದ ಕೆಳಗೆ ಇದೇ ಮೇಜು ಕುಟ್ಟಿ ಒಪ್ಪಿದ್ದರು.
ಆ 'ತಕ್ಕದ್ದಲ್ಲ' ನನ್ನದೇ ಕೈಬರಹ.

ಬಕ್ಕೇಶಪ್ಪ ಎದ್ದರು:
"ಹಗಲೊತ್ತು ಹುರಿದ್ರೆ ಸಂತೆಗೆ ಯಾವಾಗ ಮುಟ್ಟಾದು?
ಲಾರಿ ನಾಕಕ್ಕೇ ಬಂದು ನಿಂತಿರ್ತತಿ.
ನಮ್ಮ ಓಣಿಯಾಗೆ ಅರವತ್ತು ಭಟ್ಟಿ ಇದ್ವು, ಈಗ ಹತ್ತೊಂಬತ್ತು."
ಉಚ್ಚೆಂಗೆಪ್ಪ ಕೂತಲ್ಲಿಂದಲೇ:
"ಹೊಟ್ಟು ಅಂತ ಬರೆಸ್ತೀರಿ, ಟೈರ್ ತಿಂತತಿ ನಿಮ್ಮ ಭಟ್ಟಿ.
ನಮ್ಮ ವಾರ್ಡಿನ ಹುಡುಗ್ರು ಮಸಿ ಕೆಮ್ತಾವೆ ಸ್ವಾಮೇರ, ಮಸಿ."
ಇಬ್ಬರ ಬಾಯಲ್ಲೂ ಮಂಡಕ್ಕಿ.
ನಾಲ್ಕಕ್ಕೆ ಬಂದಿತ್ತು, ಪಾಲಿಕೆಯ ಲೆಕ್ಕದಲ್ಲಿ,
ಒಗ್ಗರಣೆ ಹಾಕಿದ್ದು, ತಟ್ಟೆಗೆರಡು ಮೆಣಸಿನಕಾಯಿ.
ಇದನ್ನು ಬರೆಯುವಂತಿಲ್ಲ.

ಪ್ರೇಕ್ಷಕರ ಸಾಲಿನಲ್ಲಿ ತಿರುಗುವ ಫ್ಯಾನು ಒಂದೇ.
ಹಾಗಾಗಿ ಅದರ ಕೆಳಗೆ ಅಕ್ಕಪಕ್ಕ ಇಬ್ಬರು:
ಜುಲೇಖಾಬಿ, ಬಿಸಿ ಮರಳು ಹಾರಿ ಸುಟ್ಟ ಚುಕ್ಕೆ
ಮುಂಗೈ ತುಂಬ, ಎಳ್ಳು ಚೆಲ್ಲಿದಂತೆ;
ಹಾಲಮ್ಮ, ಮಡಿಲಲ್ಲಿ ಮೊಮ್ಮಗ, ಅವನ ಮಡಿಲಲ್ಲಿ
ಟಿಫಿನ್ ಚೀಲದೊಳಗೆ ಹಬೆ ಕೊಡುವ ಯಂತ್ರ.
ಒಬ್ಬರನ್ನೊಬ್ಬರು ನೋಡಲಿಲ್ಲ.
ಹುಡುಗ ಕೆಮ್ಮಿದಾಗ ಒಮ್ಮೆ, ಒಂದೇ ಒಮ್ಮೆ,
ಜುಲೇಖಾಬಿಯ ಕೈ ಅವನ ಬೆನ್ನಿನತ್ತ ಹೊರಟಿತು.
ಹೊರಟದ್ದು ವಾಪಸ್ ಬಂತು,
ಸೆರಗು ಸರಿಮಾಡಿಕೊಂಡಿತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಕ್ರಮವಿಲ್ಲ.
ಕಾಟನ್ ಮಿಲ್ಲು ಮುಚ್ಚಿದ ವರ್ಷ ಅಪ್ಪ ಮನೆಯಲ್ಲಿ ಕೂತ.
ಅವ್ವ ಭಟ್ಟಿಗೆ ನಿಂತಳು, ಚೀಲ ತುಂಬಲು,
ಚೀಲಕ್ಕೆ ಒಂದೂವರೆ ರೂಪಾಯಿ.
ಆ ದುಡ್ಡಲ್ಲೇ ನಾನು ಟೈಪಿಂಗ್ ಕಲಿತದ್ದು, ಸೀನಿಯರ್ ಪಾಸಾದದ್ದು,
ಈ ಕುರ್ಚಿ.
ಕೊನೆಕೊನೆಗೆ ಅವ್ವನ ಎದೆಯೊಳಗೆ ಯಾರೋ ಸೀಟಿ ಊದುತ್ತಿದ್ದರು,
ರಾತ್ರಿಯಿಡೀ, ಮಿಲ್ಲು ಮತ್ತೆ ಶುರುವಾದಂತೆ.
ಇವೆರಡನ್ನೂ ಒಂದೇ ಕಲಮಿನಲ್ಲಿ ಹಾಕಲು ನನಗೆ ಬರುವುದಿಲ್ಲ.

ಕೈ ಎತ್ತಿಸಿದರು. ಎಣಿಸಿದೆ, ಎರಡು ಸಲ.
ರದ್ದಿಗೆ ಇಪ್ಪತ್ತೊಂದು. ಉಳಿಸಲು ಇಪ್ಪತ್ತೊಂದು.
ಒಬ್ಬರು ಗೈರು. ಇನ್ನೊಬ್ಬರು ಹೊರಗೆ ಮೆಟ್ಟಿಲ ಮೇಲೆ
ಫೋನಿನಲ್ಲಿ, ಬೀಗರ ಜೊತೆ, ಜೋರು ನಗು.
ಮೇಯರಮ್ಮ ಹೊಸಬರು, ಮೂರು ತಿಂಗಳಾಗಿಲ್ಲ.
ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು,
ನನಗಷ್ಟೇ ಕೇಳುವಂತೆ ಬಾಗಿ:
"ಎರಡರಾಗೆ ಬರಿಯಾಕೆ ಯಾವುದು ಸಣ್ಣದಮ್ಮಾ?"

"ರದ್ದು" ಅಂದೆ. ಎರಡೇ ಅಕ್ಷರ.
ಕೇಳಿದ್ದಕ್ಕೆ ಉತ್ತರ ಅದು, ಅಷ್ಟೇ.
ಅಷ್ಟೇನಾ, ಇಂದಿಗೂ ಗೊತ್ತಿಲ್ಲ.
ಅವರು ಮೈಕಿನಲ್ಲಿ ಅದನ್ನೇ ಹೇಳಿದರು.
ಅರ್ಧ ಮೇಜುಗಳು ಸದ್ದು ಮಾಡಿದವು.
ಹಾಲಮ್ಮ ಯಂತ್ರದ ವೈರು ಸುತ್ತಿಕೊಂಡು ಎದ್ದಳು.
ಬರೆದೆ: ಸುದೀರ್ಘವಾಗಿ ಚರ್ಚಿಸಿ, ನಿರ್ಣಾಯಕ ಮತದಿಂದ.
ಯಾರ ಮತ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು.

ಆ ರಾತ್ರಿ ಮೂರಕ್ಕೆ ಎಚ್ಚರ.
ಹಿಂದಿನ ಕ್ರಾಸಿನಲ್ಲಿ ಬಾಣಲೆಗೆ ಮರಳು ಸುರಿದ ಸದ್ದು,
ತಿರುವುವ ಸದ್ದು, ಆಮೇಲೆ ಅಕ್ಕಿ ಅರಳುವ ಚಟಪಟ,
ಯಾರೋ ಹೆಂಗಸು ಯಾರನ್ನೋ ಬೈದು ನಕ್ಕದ್ದು.
ಮೂಗಿಗೆ ಹೊಗೆ. ಹೊಟ್ಟಿನದಲ್ಲ.
ಕಿಟಕಿ ಮುಚ್ಚಿದೆ. ಸದ್ದೂ ನಿಂತಿತು.
ಮಲಗಲಾಗದೆ ಎದ್ದು
ಬೆರಳಷ್ಟು ತೆರೆದಿಟ್ಟು,
ಮೂಗಿಗೆ ಸೆರಗು ಹಿಡಿದು ಕೂತೆ.